ಸೊಪ್ಪಿನ ಬ್ಯಾರನ್ನಿಗೆ ಹುಲ್ಲು ಏರಿದ ವರ್ಷ

ಹುಲ್ಲು ಕೀಳುವುದರಲ್ಲೇ ಅರ್ಧ ಆಯಸ್ಸು ಕಳೆದವಳು ನಾನು. ಹೊಗೆಸೊಪ್ಪಿನ ಸಾಲಿರಲಿ, ರಾಗಿ ಹೊಲವಿರಲಿ, ಅಂಗಳದ ಅಂಚಿರಲಿ, ಕಂಡಲ್ಲಿ ಬಗ್ಗಿ ಕಿತ್ತು ಎಸೆಯುವುದು ಕೈಗೆ ಅಂಟಿದ ಚಾಳಿ. ಅಂಥವಳು ಒಂದು ಮಧ್ಯಾಹ್ನ ಊಟಕ್ಕೆ ಕೂತವರ ಮುಂದೆ, ಬ್ಯಾರನ್ ಕೆಳಗಿನ ಎರಡು ಎಕರೆಗೆ ಈ ಸಲ ಹೊಗೆಸೊಪ್ಪಿನ ಬದಲು ಹುಲ್ಲು ಬಿತ್ತೋಣ ಎಂದುಬಿಟ್ಟೆ. ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಉಲ್ಲು ಬಿತ್ತದಾ? ಏನವ್ವಾ, ಮೈಗೆ ಉಸಾರಿಲ್ವಾ? ಅದು ತಾನಾಗೇ ಬತ್ತದೆ, ನಾವು ಕೀಳಬೇಕು. ಬ್ಯಾಸಾಯ ಅಂದ್ರೆ ಅದೇಯಾ."

ನಮ್ಮ ಯಜಮಾನರು ಕೈತೊಳೆಯಲು ಎದ್ದರು. ಅವರಿಗೆ ಕೋಪ ಬಂದರೆ ಊಟ ಬೇಗ ಮುಗಿಯುತ್ತದೆ.

ಹನಗೋಡಿನ ಕಡೆಯ ನಮ್ಮೂರಿನಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಗೊಂದು ಬ್ಯಾರನ್ ಇರುತ್ತದೆ. ಎತ್ತರದ ಗೋಡೆಯ ಒಂದೇ ಕೋಣೆ, ಒಳಗೆ ಅಂತಸ್ತು ಅಂತಸ್ತಾಗಿ ಅಡ್ಡ ಹಾಕಿದ ಬಿದಿರ ಗಳುಗಳು. ಹಸಿ ಸೊಪ್ಪನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟಿ ಆ ಗಳುಗಳ ಮೇಲೆ ಸಾಲಾಗಿ ನೇತುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ನೆಲದ ಮೇಲೆ ಹಾದುಹೋಗುವ ತಗಡಿನ ಕೊಳವೆಗಳು ಕಾದು, ಆ ಬಿಸಿಗೆ ಸೊಪ್ಪು ಬಣ್ಣ ತಿರುಗಿ ಒಣಗುತ್ತದೆ, ಅದಕ್ಕೆ ಬೇಯಿಸುವುದು ಎನ್ನುತ್ತೇವೆ. ಬೇಯಿಸುವುದು ಗಂಡಸರ ಕೆಲಸ, ಗಿಡದಿಂದ ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು ಹೆಂಗಸರದು. ಯಜಮಾನರ ಬೇಯಿಸುವ ಕೈ ಸುತ್ತಮುತ್ತ ಹೆಸರುವಾಸಿ. ಅವರ ಬ್ಯಾರನ್ನಿನಿಂದ ಇಳಿದ ಸೊಪ್ಪಿನ ಬಣ್ಣ ನೋಡಲು ಬೇರೆ ಊರಿನವರೂ ಬರುತ್ತಿದ್ದರು.

ನನಗೆ ಆ ಸೊಪ್ಪು ಆಗಿಬರುತ್ತಿರಲಿಲ್ಲ. ಮಳೆಯಲ್ಲಿ ನೆಂದ ಎಲೆಯನ್ನು ಬೆಳಗಿನಿಂದ ಮುರಿದು ಕಂಕುಳಲ್ಲಿ ಅವುಚಿ ಹೊತ್ತರೆ ಮಧ್ಯಾಹ್ನದ ಹೊತ್ತಿಗೆ ತಲೆ ಗಿರ್ರೆನ್ನುತ್ತಿತ್ತು. ಆಮೇಲೆ ಬದುವಿನ ಮೇಲೆ ಕೂತು ವಾಂತಿ. ಎಷ್ಟೋ ಹೆಂಗಸರಿಗೆ ಒಂದೆರಡು ವರ್ಷಕ್ಕೆ ರೂಢಿಯಾಗುತ್ತದೆ, ನನಗೆ ವರ್ಷದಿಂದ ವರ್ಷಕ್ಕೆ ಹೆಚ್ಚಾಯಿತು. ಯಜಮಾನರ ಉತ್ತರ ಒಂದೇ: "ಖಾಲಿ ಒಟ್ಟೇಲಿ ಬತ್ತೀಯ, ಅದುಕ್ಕೇ ಕಣಮ್ಮಿ." ಆಸ್ಪತ್ರೆಯಲ್ಲಿ ಕೇಳಿದಾಗ, ಒದ್ದೆ ಎಲೆಯ ನಂಜು ಚರ್ಮದಿಂದಲೇ ಮೈಗೆ ಇಳಿಯುತ್ತದೆ, ಆದಷ್ಟು ದೂರ ಇರಿ ಎಂದರು. ಅದನ್ನು ಮನೆಗೆ ಬಂದು ಹೇಳಿದೆ. ಎರಡು ಇಡ್ಲಿ ಜಾಸ್ತಿ ತಿಂದುಕೊಂಡು ಹೊಲಕ್ಕೆ ಬಾ ಎಂಬ ಸಲಹೆ ಸಿಕ್ಕಿತು.

ಹುಲ್ಲಿನ ಮಾತು ಎತ್ತಿದ್ದು ಅದಕ್ಕೇ. ನಮ್ಮಲ್ಲಿ ಆರು ಹಸು, ಒಂದು ಜೊತೆ ಎತ್ತು. ಡೇರಿಗೆ ಹಾಲು ಹಾಕುವವಳು ನಾನೇ. ಬೇಸಿಗೆಯಲ್ಲಿ ಮೇವಿಗೆ ಪರದಾಡುವವಳೂ ನಾನೇ. ಒಂದು ವಾರ ಯಜಮಾನರ ಹಿಂದೆ ಮುಂದೆ ಸುತ್ತಿದ ಮೇಲೆ ಒಪ್ಪಂದವಾಯಿತು. "ಒಂದು ವರ್ಸ ನೋಡಾನ. ಶಿವರಾತ್ರಿ ಒತ್ಗೆ ಅಸುಗಳಿಗೆ ಉಲ್ಲು ಉಳುದಿದ್ರೆ ಸರಿ, ಇಲ್ದಿದ್ರೆ ಸೊಪ್ಪಿನ ಮಡಿ ಹಾಕ್ತೀನಿ. ಆಮ್ಯಾಲೆ ನೀನು ತಕರಾರು ಮಾಡಂಗಿಲ್ಲ" ಎಂದರು. ಶಿವರಾತ್ರಿ ಕಳೆದರೆ ಹೊಗೆಸೊಪ್ಪಿನ ಸಸಿಮಡಿ ಹಾಕುವ ಕಾಲ. ಹುಲ್ಲು ಸೋತರೆ ನಾನು ಮತ್ತೆ ಒದ್ದೆ ಎಲೆಯ ಸಾಲಿಗೆ ಇಳಿಯಬೇಕು.

ಬೀಜಕ್ಕೆ ದಾರಿ ತೋರಿಸಿದವರು ಪಶು ಆಸ್ಪತ್ರೆಯ ಡಾಕ್ಟರು. ಮೇಯಿಸಲೂ ಆಗಬೇಕು, ಒಣಗಿಸಿಡಲೂ ಆಗಬೇಕು ಎಂದರೆ ರೋಡ್ಸ್ ಹುಲ್ಲು ಒಳ್ಳೆಯದು, ತೆಳು ಕಾಂಡ, ಬೇಗ ಒಣಗುತ್ತದೆ ಎಂದರು. ಬೀಜ ಕೈಯಲ್ಲಿ ಹಿಡಿದರೆ ಹೊಟ್ಟಿನಷ್ಟು ಹಗುರ, ಊದಿದರೆ ಹಾರುತ್ತದೆ. ಮರಳು ಬೆರೆಸಿ ಬಿತ್ತಿ, ಆಳಕ್ಕೆ ಹೋಗಬಾರದು, ಕೆಳಗಿನ ಮಣ್ಣು ಗಟ್ಟಿಯಿರಲಿ ಎಂದು ಡಾಕ್ಟರು ಹೇಳಿಕಳಿಸಿದರು.

ಆದರೆ ನಮ್ಮ ಮನೆಯಲ್ಲಿ ಭೂಮಿ ಹದಮಾಡುವುದು ಎಂದರೆ ಸೊಪ್ಪಿಗೆ ಮಾಡುವ ಹಾಗೆ, ಮೊಣಕಾಲುದ್ದ ಇಳಿಯುವಂತೆ ಉತ್ತು ಹಿಟ್ಟು ಮಾಡುವುದು. ಯಜಮಾನರು ಕೋಪದಲ್ಲಿದ್ದರೂ ಕೆಲಸದಲ್ಲಿ ಕೈ ಬಿಗಿ ಹಿಡಿಯುವವರಲ್ಲ, ಹಾಗೇ ಉತ್ತುಕೊಟ್ಟರು. ರೋಹಿಣಿ ಮಳೆಗೆ ಭೂಮಿ ಮೆತ್ತಗೆ ಹಾಸಿಗೆಯಂತಾಗಿತ್ತು, ಬಿತ್ತಿದೆವು. ಮರುದಿನವೇ ಜೋರು ಮಳೆ ಬಂದು ಬೀಜ ಎಲ್ಲಿ ಇಳಿಯಿತೋ ದೇವರಿಗೇ ಗೊತ್ತು. ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿದ್ದೆ. ಬಂದದ್ದು ಪಾರ್ಥೇನಿಯಂ, ತುಂಬೆ, ಯಾರೂ ಬಿತ್ತದ ಎಲ್ಲವೂ.

"ನೋಡವ್ವಾ, ಉಲ್ಲು ಬಿತ್ತಿದ್ರೆ ಉಲ್ಲೂ ಬರಕ್ಕಿಲ್ಲ" ಎಂದರು ಅತ್ತೆ. ಬೇಜಾರಿನಲ್ಲೂ ನಗು ಬಂತು.

ಆದರೆ ಹೊಲದ ನಡುವೆ ಒಂದು ಕಡೆ ಗೆರೆ ಎಳೆದಂತೆ ಹಸಿರು ಕಾಣಿಸಿತು. ಹತ್ತಿರ ಹೋಗಿ ನೋಡಿದರೆ, ಬಿತ್ತಿದ ಸಂಜೆ ಎತ್ತುಗಳನ್ನು ಅಡ್ಡ ಹಾಯಿಸಿಕೊಂಡು ಹೋದ ದಾರಿ ಅದು. ಗೊರಸು ಬಿದ್ದ ಗುಳಿಗುಳಿಯಲ್ಲೂ ಪುಟ್ಟ ಪುಟ್ಟ ಹುಲ್ಲಿನ ಕುಚ್ಚು. ಡಾಕ್ಟರು ಗಟ್ಟಿ ನೆಲ ಎಂದದ್ದು ಇದನ್ನೇ ಎಂದು ಆಗ ತಲೆಗೆ ಹೋಯಿತು.

ಉಳಿಸಿಟ್ಟ ಬೀಜವನ್ನು ಆರಿದ್ರೆ ಮಳೆಗೆ ಮತ್ತೆ ಎರಚಿದೆವು. ಈ ಸಲ ಉಳಲಿಲ್ಲ. ಮೇಲೆ ಮುಳ್ಳುಕೊಂಬೆ ಎಳೆದು, ಎಂಟೂ ದನಗಳನ್ನು ಹೊಲಕ್ಕೆ ಬಿಟ್ಟು ಕಣದಲ್ಲಿ ರಾಗಿ ತುಳಿಸಿದ ಹಾಗೆ ಸುತ್ತಿಸಿದೆವು. ಮುಂದಾಳತ್ವ ಅತ್ತೆಯದು. ಕೋಲು ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಏಯ್ ಕೆಂದಿ, ನೀನೇ ಬಿತ್ತು, ನೀನೇ ಮೇಯಿ!" ಎಂದು ಮುಂದಿನ ಹಸುವಿಗೆ ಕೂಗುತ್ತಾ ಸುತ್ತಿದರು. ರಸ್ತೆಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ನೋಡಿದರು. ನಾಲ್ಕೈದು ದಿನ ಬಿಟ್ಟು ನೆಲ ಹಸಿರಾಡಿತು. ಆ ದಿನದ ಸಂತೋಷವನ್ನು ಬೇರೆ ಯಾವುದಕ್ಕೂ ಹೋಲಿಸಲಾರೆ. ಹುಲ್ಲು ನೋಡಿ ನನಗೆ ಅಳು ಬಂತು, ಹೌದು, ಹುಲ್ಲು ನೋಡಿ.

ಕಳೆ ಕೀಳಲಿಲ್ಲ, ಕಿತ್ತರೆ ಎಳೆ ಹುಲ್ಲೂ ಜೊತೆಗೆ ಬರುತ್ತದೆ. ಕುಡುಗೋಲಿನಿಂದ ಕಳೆಯ ತಲೆ ಮಾತ್ರ ಸವರಿದೆವು. ಎರಡು ಸಲ ಸವರುವಷ್ಟರಲ್ಲಿ ಹುಲ್ಲು ಮೇಲಾಗಿ ಕಳೆಗೆ ಬಿಸಿಲೇ ಸಿಗಲಿಲ್ಲ. ಅತ್ತೆಗೆ ದನ ಬಿಡುವ ಆತುರ. ಡಾಕ್ಟರು ಹೇಳಿಕೊಟ್ಟ ಪರೀಕ್ಷೆ ಸುಲಭದ್ದು: ಹಸು ಎಳೆಯುವ ಹಾಗೆ ಒಂದು ಹಿಡಿ ಹುಲ್ಲನ್ನು ಹಿಡಿದೆಳೆಯಿರಿ, ಬೇರು ಬಂದರೆ ದನ ಬಿಡಬೇಡಿ, ಎಲೆ ಹರಿದರೆ ಬಿಡಿ. ಅತ್ತೆ ದಿನಾ ಸಂಜೆ ಹೋಗಿ ಎಳೆದು ನೋಡಿ ಬಂದು ವರದಿ ಒಪ್ಪಿಸುತ್ತಿದ್ದರು. ಎಲೆ ಹರಿದ ದಿನ ಮೊದಲ ಕೊಯ್ಲು ಹಸಿಯಾಗಿ ಕೊಟ್ಟಿಗೆಗೆ ಬಂತು. ಆಮೇಲೆ ಕೆಳಗಿನ ಭಾಗವನ್ನು ಹಗ್ಗ ಕಟ್ಟಿ ಪಟ್ಟಿ ಪಟ್ಟಿಯಾಗಿ ಮಾಡಿ ಒಂದೊಂದೇ ಪಟ್ಟಿಗೆ ದನ ಬಿಟ್ಟೆವು. ಮೇಲಿನ ಭಾಗವನ್ನು ಬೇಸಿಗೆಯ ಒಣಹುಲ್ಲಿಗೆಂದು ಮುಟ್ಟದೆ ಉಳಿಸಿದೆವು. ಶಿವರಾತ್ರಿಯ ಮಾತು ನಿಂತಿದ್ದು ಆ ಮೇಲಿನ ಭಾಗದ ಮೇಲೆ.

ಡಿಸೆಂಬರಿನಲ್ಲಿ, ಹೂ ಇಣುಕಿದ ಕೂಡಲೇ ಅದನ್ನು ಕೊಯ್ದೆವು. ಆಕಾಶ ತೊಳೆದಿಟ್ಟಂತಿತ್ತು. ಕೆಲಸಕ್ಕೆ ಬಂದವರು ವರ್ಷಗಟ್ಟಲೆ ನಮ್ಮಲ್ಲಿ ಸೊಪ್ಪು ಕಟ್ಟಿದ ಹೆಂಗಸರೇ. ಅವರೊಂದಿಗೆ ಕವೆಗೋಲಿನಿಂದ ಹುಲ್ಲನ್ನು ತಿರುವಿ ತಿರುವಿ ಒಣಗಿಸಿದೆವು. ಮೂರನೆಯ ಮಧ್ಯಾಹ್ನ ಎಲೆ ಹಪ್ಪಳದ ಹಾಗೆ ಮುರಿಯತೊಡಗಿತು. ಹೆಂಗಸರ ಪೈಕಿ ಹಿರಿಯಾಕೆ ಒಂದು ಹಿಡಿ ಎತ್ತಿ ಉಜ್ಜಿ ತೋರಿಸಿದರು. "ಅಕ್ಕಾ, ಇಂಗೆ ಎತ್ತಿದ್ರೆ ಎಲೆಯೆಲ್ಲ ಪುಡಿಯಾಗಿ ನೆಲಕ್ಕೋಯ್ತದೆ. ಬೆಳಿಗ್ಗೆ ಮಂಜಲ್ಲಿ ಹದಕ್ಕೆ ಬರ್ಲಿ ಬುಡಿ, ಎತ್ತಾನ."

ಯಜಮಾನರೂ ಹೌದೆಂದರು, ನಾನೂ ಹೌದೆಂದೆ. ಬೇಯಿಸಿದ ಸೊಪ್ಪನ್ನು ಯಾರೂ ಗರಿಗರಿಯಾಗಿರುವಾಗ ಮುಟ್ಟುವುದಿಲ್ಲ. ಬ್ಯಾರನ್ನಿನ ಬಾಗಿಲು ತೆಗೆದಿಟ್ಟು ರಾತ್ರಿಯ ತಂಪು ಕುಡಿಸಿ, ಎಲೆ ಬಟ್ಟೆಯ ಹಾಗೆ ಮಡಚುವಂತಾದ ಮೇಲೆ ಇಳಿಸಿ, ಒತ್ತಿ ಗುಡ್ಡೆ ಹಾಕಿ ಗೋಣಿತಾಟು ಹೊದಿಸುತ್ತೇವೆ. ಹುಟ್ಟಿದಾಗಿನಿಂದ ಕಂಡ ಕ್ರಮ ಅದು. ಬೇರೆ ತರಹ ಮಾಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಇಬ್ಬನಿಯಲ್ಲಿ ನೆಂದು ಮೆತ್ತಗಾದ ಹುಲ್ಲನ್ನು ಒಂದು ಎಲೆಯೂ ಉದುರದಂತೆ ಎತ್ತಿದೆವು. ಖಾಲಿ ಬಿದ್ದಿದ್ದ ಬ್ಯಾರನ್ನಿನೊಳಗೆ ತುಳಿದು ತುಳಿದು ಎದೆಮಟ್ಟಕ್ಕೆ ಮೆದೆ ಒಟ್ಟಿ, ಗೋಣಿತಾಟು ಹೊದಿಸಿ ಬಾಗಿಲು ಹಾಕಿದೆವು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಬೇರೆ ನೋಡಿಲ್ಲ.

ಎರಡು ದಿನ ಕಳೆದು ಬಾಗಿಲು ತೆಗೆದಾಗ ಘಮ್ಮೆಂದಿತು. ಬೆಲ್ಲದ ಪಾಕದ್ದೋ ಹೊಸ ಸೊಪ್ಪಿನದ್ದೋ ಎಂಬಂಥ ಸಿಹಿ ವಾಸನೆ. ಯಜಮಾನರ ಮುಖ ಎಷ್ಟೋ ತಿಂಗಳ ಮೇಲೆ ಅರಳಿತು. "ಗುಡ್ಡೆ ಪಸಂದಾಗಿ ಕೂತದೆ ಕಣಮ್ಮಿ" ಎಂದರು. ಸೊಪ್ಪಿನ ಗುಡ್ಡೆಗೆ ಆ ವಾಸನೆ ಬಂದರೆ ಸಂತೋಷಪಡಬೇಕು. ಪಕ್ಕದ ಹೊಲದವರೂ ಬಂದು ಮೂಸಿ ತಲೆದೂಗಿ ಹೋದರು.

ಕರುವಿಗೆ ಒಂದು ಹೊರೆ ತೆಗೆಯೋಣ ಎಂದು ನಾನು ಗೋಣಿತಾಟು ಸರಿಸಿ ಮೊಣಕೈವರೆಗೆ ಕೈ ತೂರಿಸಿದೆ. ತೂರಿಸಿದ ವೇಗದಲ್ಲೇ ಹೊರಗೆಳೆದುಕೊಂಡೆ. ಒಳಗೆ ಸುಡುತ್ತಿತ್ತು. ಕೈಯೆಲ್ಲ ಬೆವರಿದಂತೆ ಒದ್ದೆಯಾಗಿತ್ತು.

"ಇದು ಒಳ್ಳೇದಲ್ಲ ಕಣ್ರೀ. ಒಂದ್ಸಲ ಮುಟ್ಟಿ ನೋಡಿ."

ಅವರು ಮುಟ್ಟಿದರು. ಗೋಡೆಗೆ ನೇತುಹಾಕಿದ್ದ ಬ್ಯಾರನ್ನಿನ ಥರ್ಮಾಮೀಟರ್ ತೆಗೆದು, ಕಡ್ಡಿಯ ತುದಿಗೆ ಕಟ್ಟಿ, ಮೆದೆಯ ಹೊಟ್ಟೆಗೆ ತೂರಿಸಿ, ಒಂದು ಬೀಡಿ ಸೇದುವಷ್ಟು ಹೊತ್ತು ಕಾದರು. ಎಳೆದು ನೋಡಿದವರ ಮುಖ ಇಳಿಯಿತು. ಒಲೆಗೆ ಒಂದು ಚೂರು ಸೌದೆಯನ್ನೂ ಹಾಕದೆ, ಸೊಪ್ಪಿಗೆ ಬಣ್ಣ ತಿರುಗಿಸುವ ಶಾಖವನ್ನು ಹುಲ್ಲು ತಾನಾಗಿಯೇ ದಾಟಿತ್ತು.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ, ಗಾಬರಿಪಡಿಸಲೂ ಇಲ್ಲ. "ತೇವ ಇದ್ದಾಗ ಒತ್ತಿ ಇಟ್ಟಿದ್ದೀರಮ್ಮ, ಅದಕ್ಕೇ ಕಾಯ್ತಾ ಇದೆ. ಹಂಗೇ ಬಿಟ್ರೆ ಬೂಷ್ಟು ಹಿಡಿಯುತ್ತೆ, ಇನ್ನೂ ಏರಿದ್ರೆ ಬೆಂಕಿನೂ ಹತ್ತಬಹುದು. ಪಕ್ಕದಲ್ಲಿ ನೀರಿಟ್ಕೊಂಡು ಬಿಚ್ಚಿ, ಬಿಸಿಲಿಗೆ ಹರಡಿ" ಎಂದರು.

ಆದರೆ ಹೊರಗೆ ಬಿಸಿಲೇ ಇರಲಿಲ್ಲ. ತಮಿಳುನಾಡಿನ ಕಡೆ ಎದ್ದ ಸೈಕ್ಲೋನ್ ಇಲ್ಲಿಗೂ ಮೋಡ ಕಳಿಸಿತ್ತು. ಮಧ್ಯಾಹ್ನದಿಂದ ಹಿಡಿದ ಜಿಟಿಜಿಟಿ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಬಿಚ್ಚಿ ಹೊರಗೆ ಹಾಕಿದರೆ ಕೊಳೆಯುತ್ತದೆ, ಒಳಗೇ ಬಿಟ್ಟರೆ ಬೇಯುತ್ತದೆ. ನಾನು ಬ್ಯಾರನ್ನಿನ ಹೊಸ್ತಿಲ ಮೇಲೆ ಕೂತುಬಿಟ್ಟೆ. ಆ ಹೊತ್ತಿಗೆ ನನ್ನ ಮೂಗಿಗೆ ಬಂದದ್ದು ಹುಲ್ಲಿನ ವಾಸನೆಯಲ್ಲ, ಒದ್ದೆ ಸೊಪ್ಪಿನದು. ಬರುವ ವರ್ಷ ಬದುವಿನ ಮೇಲೆ ಹೊಟ್ಟೆ ಹಿಡಿದು ಕೂತ ನನ್ನದೇ ಚಿತ್ರ ಕಣ್ಣಿಗೆ ಕಟ್ಟಿತು.

ಯಜಮಾನರು ಒಳಗೆ ಕತ್ತೆತ್ತಿ ನಿಂತಿದ್ದರು. ಮೇಲಿನವರೆಗೂ ಖಾಲಿ ಗಳುಗಳು. "ಕಡ್ಡಿ ಎಲ್ಲಿ ಕಟ್ಟಿಟ್ಟಿದ್ದೀಯ?" ಎಂದರು.

"ಯಾವ ಕಡ್ಡಿ?"

"ಸೊಪ್ಪಿನ ಕಡ್ಡಿ ಕಣಮ್ಮಿ. ಬಿಸ್ಲು ಇಲ್ದಿದ್ರೆ ಕತ್ತೆ ಬಾಲ. ಸೊಪ್ಪು ಯಾವಾಗ ಬಿಸ್ಲಲ್ಲಿ ಒಣಗಿಸಿದ್ದೀವಿ ನಾವು? ಏಳು, ಕೂರ್ಬ್ಯಾಡ. ಎಂಗಸ್ರನ್ನ ಕೂಗು."

ಅಂತೂ ತೀರ್ಮಾನವಾಯಿತು. ಬಿಂದಿಗೆ, ಬಕೆಟ್, ಡ್ರಮ್ಮು, ಇದ್ದದ್ದರಲ್ಲೆಲ್ಲ ನೀರು ತುಂಬಿಟ್ಟು ಅಂಚಿನಿಂದ ಮೆದೆ ಬಿಚ್ಚತೊಡಗಿದೆವು. ಒಳಗಿನಿಂದ ಆವಿ ಎದ್ದಿತು. ನಡುವಿನ ಹುಲ್ಲು ಥೇಟ್ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು, ಅಲ್ಲಲ್ಲಿ ಬಿಳಿ ಬೂಷ್ಟು. ಅದನ್ನು ತೆಗೆದು ತಿಪ್ಪೆಗೆ ಹಾಕಿದೆವು. ಉಳಿದ ಮುಕ್ಕಾಲು ಪಾಲು ಇನ್ನೂ ಹಸಿರಾಗೇ ಇತ್ತು. ಹೆಂಗಸರು ಮಳೆಯಲ್ಲಿ ತಲೆಗೆ ಗೋಣಿಯ ಗೊಪ್ಪೆ ಹಾಕಿಕೊಂಡು ಬಂದರು. ಕರೆದದ್ದೇ ತಡ, ಒಬ್ಬರೂ ನಾಳೆ ಎನ್ನಲಿಲ್ಲ.

ಸಾಲಾಗಿ ಕೂತು ಕಡ್ಡಿಗೆ ಹುಲ್ಲು ಕಟ್ಟಿದೆವು. ಒಂದು ಹಿಡಿ ಈಚೆ, ಒಂದು ಹಿಡಿ ಆಚೆ, ದಾರ ಸುತ್ತಿ ಮುಂದಿನದು. ಇನ್ನೆಂದೂ ಕಡ್ಡಿ ಕಟ್ಟುವುದಿಲ್ಲ ಎಂದು ಶಪಥ ಮಾಡಿದವಳು ನಾನು. ಆದರೂ ಕೈ ಮರೆತಿರಲಿಲ್ಲ, ನೋಡದೆಯೇ ಕಟ್ಟುತ್ತಿತ್ತು. ಎಷ್ಟು ಕಟ್ಟಿದರೂ ತಲೆ ಸುತ್ತಲಿಲ್ಲ. ಹಿರಿಯಾಕೆ ನನ್ನನ್ನು ನೋಡಿ ನಕ್ಕರು. "ಏನಕ್ಕಾ, ಇವತ್ತು ವಾಂತಿ ಇಲ್ವಾ?" ಎಂದರು. ಎಲ್ಲರೂ ನಕ್ಕೆವು. ಯಜಮಾನರು ಮೇಲೆ ಗಳುವಿನ ಮೇಲೆ ಕಾಲು ಅಗಲಿಸಿ ನಿಂತು ಕಡ್ಡಿ ಜೋಡಿಸುತ್ತಿದ್ದರು, ಅವರು ನಗಲಿಲ್ಲ. ಕೆಳಗೆ ನೋಡಿದರು, ಅಷ್ಟೇ.

ಕಡ್ಡಿ ಏರಿಸಿಯಾದ ಮೇಲೆ ಒಲೆ ಹಚ್ಚೋಣವೇ ಎಂದೆ. ಸುಮ್ಮನಿರು ಎಂದರು. ಒಂದು ಎಳೆ ಹುಲ್ಲು ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ ಪೂರ್ತಿ ಬೂದಿ. ಸೊಪ್ಪಿನಲ್ಲಿ ಅಂಥದ್ದು ಎಷ್ಟೋ ನೋಡಿದ್ದೇವೆ. ಮೊದಲು ಕೆಳಗಿನ ಗಾಳಿಕಿಂಡಿ, ಮೇಲಿನ ಕಿಟಕಿ ಎಲ್ಲ ತೆಗೆದಿಟ್ಟು ಹುಲ್ಲಿನ ಸ್ವಂತ ಕಾವು ಹೊರಗೆ ಹೋಗಲು ಬಿಟ್ಟರು. ಹುಲ್ಲು ಕೈಗೆ ತಣ್ಣಗೆ ತಾಗಿದ ಮೇಲೆ ಕೊಳವೆಗಳ ಮೇಲೆ ತಂತಿಬಲೆ ಹೊದಿಸಿ, ಒಲೆಗೆ ಕೈಬೆರಳೆಣಿಕೆಯ ಸೌದೆ ಕೊಟ್ಟರು. ಸೊಪ್ಪಿಗೆ ಕೊಡುವ ಉರಿಯಲ್ಲ, ಬಾಣಂತಿಯ ಕೋಣೆಗೆ ಕೊಡುವಷ್ಟು ಕಾವು. ಮಳೆ ನಿಲ್ಲುವವರೆಗೆ ಅಲ್ಲೇ ಕೂತರು. ಊಟವನ್ನು ಅಲ್ಲಿಗೇ ತಗೊಂಡು ಹೋಗುತ್ತಿದ್ದೆ. ಕಿಂಡಿಯಲ್ಲಿ ಥರ್ಮಾಮೀಟರ್ ನೋಡುವಾಗ ಅವರ ಮುಖದಲ್ಲಿ ಹಳೆಯ ಕಳೆ ಮರಳಿತ್ತು. ನನ್ನ ಹುಲ್ಲು ಅವರ ಕಸುಬನ್ನೂ ಕಿತ್ತುಕೊಂಡಿತ್ತು ಎಂಬುದನ್ನು ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ.

ಮೋಡ ಸರಿದ ಮೇಲೆ ಹುಲ್ಲನ್ನು ಇಳಿಸಿದೆವು, ಈ ಸಲ ಸುಡುವ ಮಧ್ಯಾಹ್ನದಲ್ಲಿ. ಎಲೆ ಪುಡಿಯಾದರೆ ಆಗಲಿ ಎಂದು ಎಲ್ಲರೂ ಹಲ್ಲು ಕಚ್ಚಿಕೊಂಡೆವು, ಮಂಜಿಗೆ ಕಾಯಲಿಲ್ಲ. ಗರಿಗರಿ ಇರುವಾಗಲೇ, ತುಳಿಯದೆ, ನೆಲಕ್ಕೆ ಗಳು ಹಾಸಿ ಸಡಿಲವಾಗಿ ಒಟ್ಟಿದೆವು. ಉದುರಿದ ಪುಡಿಯನ್ನು ಅತ್ತೆ ಗುಡಿಸಿ ಬೂಸಾದೊಂದಿಗೆ ಕಲೆಸಿ ಕರುಗಳಿಗಿಟ್ಟರು. ಆಮೇಲೆ ಒಂದು ತೆಕ್ಕೆ ಹುಲ್ಲು ಒಯ್ದು ಕೆಂದಿಯ ಮುಂದಿನ ಬಾನಿಗೆ ಹಾಕಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಕೆಂದಿ ಮೂಸಿತು, ಮುಸುಡಿಯಿಂದ ಒಮ್ಮೆ ಕೆದಕಿತು, ತಿನ್ನತೊಡಗಿತು. ಬಾನಿಯ ತಳ ನೆಕ್ಕುವವರೆಗೂ ತಲೆ ಎತ್ತಲಿಲ್ಲ.

"ಬಿತ್ತಿದ ಉಲ್ಲಿಗೂ ರುಚಿ ಅದೆ ಬುಡವ್ವಾ" ಎಂದರು ಅತ್ತೆ. ಅವರ ಬಾಯಿಂದ ನನಗೆ ಸಿಕ್ಕ ದೊಡ್ಡ ಸರ್ಟಿಫಿಕೇಟು ಅದೇ.

ಆಮೇಲೆ ಶಿವರಾತ್ರಿಯವರೆಗೂ ಮೆದೆ ಇಳಿಯುವುದನ್ನು ದಿನಾ ಕಣ್ಣಲ್ಲೇ ಅಳೆಯುತ್ತಿದ್ದೆ. ತಿಪ್ಪೆಗೆ ಹೋದ ಪಾಲು ಇದ್ದಿದ್ದರೆ ಇಷ್ಟು ಹೆದರಬೇಕಿರಲಿಲ್ಲ. ಬೆಳಿಗ್ಗೆ ಹಗ್ಗದ ಪಟ್ಟಿಯಲ್ಲಿ ಉಳಿದ ಒಣ ಬುಡವನ್ನು ಮೇಯಿಸಿ, ಸಂಜೆ ಮಾತ್ರ ಮೆದೆಯಿಂದ ಹಿರಿದು ಕೊಟ್ಟೆವು. ಯಜಮಾನರು ದಿನಕ್ಕೊಮ್ಮೆ ಬ್ಯಾರನ್ನಿನೊಳಗೆ ಹೋಗಿ ಬರುತ್ತಿದ್ದರು. ಏನು ಲೆಕ್ಕ ಹಾಕುತ್ತಿದ್ದಾರೆ ಎಂದು ನನಗೆ ಗೊತ್ತಾಗಲಿಲ್ಲ.

ಶಿವರಾತ್ರಿಯ ಹಿಂದಿನ ಸಂಜೆ ಪಕ್ಕದ ಹೊಲದವರು ಬಂದು ಜಗಲಿಯ ಮೇಲೆ ಕೂತರು. ನಾನು ಒಳಗೆ ಕಾಫಿಗೆ ಹಾಲು ಕಾಯಿಸುತ್ತಿದ್ದೆ. ಮಾತು ಅತ್ತಿತ್ತ ಸುತ್ತಿ ಸಸಿಮಡಿಗೆ ಬಂತು. "ಬ್ಯಾರನ್ ಸುಮ್ಕೆ ಬಿದ್ದದಲ್ಲಣ್ಣ, ಈ ಸಲಕ್ಕೆ ನಮಗೆ ಕೊಡು. ಇಲ್ಲಾ ನೀನೇ ಸೊಪ್ಪು ಹಾಕ್ತೀಯೋ?" ಎಂದು ಕೇಳಿದರು.

ನಾನು ಒಲೆಯ ಉರಿ ಸಣ್ಣ ಮಾಡಿದೆ, ಉತ್ತರ ಸರಿಯಾಗಿ ಕೇಳಿಸಲಿ ಎಂದು.

"ಸುಮ್ಕೆ ಎಲ್ಲಿ ಬಿದ್ದದೆ? ಉಲ್ಲು ಅದೆ ಅದ್ರಲ್ಲಿ" ಎಂದರು ಯಜಮಾನರು.

"ಇನ್ನೆಷ್ಟಿದ್ದದು, ಯುಗಾದಿ ಒತ್ಗೆ ಮುಗುದೋಯ್ತದೆ. ಆಮ್ಯಾಲೆ?"

"ಮುಗುದ್ರೆ ಇನ್ನೊಂದ್ಸಲ ಬೆಳೀತೀವಿ." ಯಜಮಾನರು ಕೆಮ್ಮಿದ ಸದ್ದಾಯಿತು. "ನಮ್ಮನೆಯವ್ಳಿಗೆ ಸೊಪ್ಪು ಆಗಕ್ಕಿಲ್ಲ ಕಣಪ್ಪ. ವಾಂತಿ ಮಾಡ್ಕತಾಳೆ. ಬುಡು ಆ ಮಾತಾ."

ಇಷ್ಟು ವರ್ಷ ಖಾಲಿ ಹೊಟ್ಟೆ ಎಂದವರು ಇವರೇ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅತ್ತೆ ಒಳಗೆ ಬಂದು ನನ್ನನ್ನೊಮ್ಮೆ ನೋಡಿ, ಪಾತ್ರೆಯನ್ನು ತಾವೇ ಇಳಿಸಿದರು. ಕಣ್ಣು ಒರೆಸಿಕೊಂಡು ಉಳಿದ ಹಾಲಿನಲ್ಲಿ ಎರಡು ಲೋಟ ಕಾಫಿ ಮಾಡಿ ಹೊರಗೆ ಒಯ್ದೆ. ಯಜಮಾನರು ನನ್ನ ಮುಖ ನೋಡದೆ ಲೋಟ ತೆಗೆದುಕೊಂಡರು.